ಯಜಮಾನನಿಲ್ಲದ ಸಂಘ

"ಇನ್ನೊಂದು ಸಲ ಓದು," ಎಂದರು ಲಂಗಿನ್ ಮಾವ. "ಕಾಗದ ಎರಡು ಹಾಳೆ ಇದೆ. ನೀನು ಓದಿದ್ದು ಅರ್ಧ ಹಾಳೆನೂ ಆಗ್ಲಿಲ್ಲ."

ಎಲ್ಮಿನಾ ಕಾಗದವನ್ನು ಮತ್ತೆ ಬಿಡಿಸಿದಳು. ಮಾವನಿಗೆ ಇಂಗ್ಲಿಷ್ ಓದಲು ಬಾರದು, ನಿಜ. ಆದರೆ ಎಪ್ಪತ್ತೊಂದು ವರ್ಷ ಜನರ ನಡುವೆ ಬಾಳಿದವರಿಗೆ ಯಾರು ಯಾವ ಸಾಲನ್ನು ನುಂಗಿದರು ಎಂದು ತಿಳಿಯಲು ಅಕ್ಷರ ಬೇಕಾಗಿರಲಿಲ್ಲ. ಅವರು ಜಗಲಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ತಂಗಿಯ ಮಗಳು ಪಟ್ಟಣದಿಂದ ಬಂದವಳೆಂದು ಅವಳಿಗೆ ಮನೆಯಲ್ಲಿದ್ದ ಒಂದೇ ಪ್ಲಾಸ್ಟಿಕ್ ಕುರ್ಚಿಯನ್ನು ಕೊಟ್ಟಿದ್ದರು. ಅತ್ತೆ ತಮಿಕೊ ಅಂಗಳದಲ್ಲಿ ತೆಂಗಿನ ಚಿಪ್ಪಿನ ಕೆಂಡದ ಮೇಲೆ ದೀವಿಹಲಸಿನ ಕಾಯಿ ಸುಡುತ್ತ, ಕೇಳಿಸಿಕೊಳ್ಳದವರಂತೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಕಾಗದ ಬಂದದ್ದು ಫಿಲಿಪೀನ್ಸಿನ ಒಂದು ಮೀನುಗಾರರ ಕೇರಿಯಿಂದ. ಬರೆದವಳು ಲೂರ್ದೆಸ್ ಎಂಬ ಹೆಂಗಸು. ವಿಳಾಸದಲ್ಲಿ ಮಾವನ ಹೆಸರಿತ್ತು, ಕೆಳಗೆ ಎಲ್ಮಿನಾಳ ಆಫೀಸಿನ ಪೆಟ್ಟಿಗೆ ನಂಬರಿತ್ತು. ಬೇರೆ ದೇಶವಾಗಿದ್ದರೆ ನಂಬರಿಗೆ ಹೋಗುತ್ತಿತ್ತು. ಈ ಪುಟ್ಟ ದ್ವೀಪ ಮಜೂರೋದಲ್ಲಿ ಅಂಚೆಯವಳು ಹೆಸರು ನೋಡಿ, ಅಯ್ಯೋ ಇದು ನಮ್ಮ ಲೌರಾ ಊರಿನ ಹಿರಿಯರದ್ದಲ್ಲವೇ ಎಂದು, ಆ ಕಡೆ ಹೊರಟಿದ್ದ ಟ್ಯಾಕ್ಸಿಯವನ ಕೈಯಲ್ಲಿ ಕೊಟ್ಟು ಕಳಿಸಿದ್ದಳು. ಉಪಕಾರ ಮಾಡಿದೆನೆಂದೇ ಅವಳ ನಂಬಿಕೆ.

ಆ ಹೆಸರು ಅಲ್ಲಿಗೆ ಹೋದದ್ದು ಹೇಗೆಂದು ಎಲ್ಮಿನಾಳಿಗೆ ಮಾತ್ರ ಗೊತ್ತಿತ್ತು. ಪಟ್ಟಣದ ಉಲಿಗಾದಲ್ಲಿ ಅವಳು ದುಡಿಯುತ್ತಿದ್ದ ಏಜೆನ್ಸಿಯ ಕಸುಬೇ ಯಜಮಾನನಿಲ್ಲದ ಸಂಘಗಳನ್ನು ನೋಂದಾಯಿಸುವುದು. ಒಬ್ಬರ ಮುಖ ಒಬ್ಬರು ಕಾಣದ ಸಾವಿರಾರು ಜನ ಫೋನಿನಲ್ಲೇ ಮತ ಹಾಕಿ ಎಲ್ಲವನ್ನೂ ತೀರ್ಮಾನಿಸುತ್ತಾರೆ. ಅಧ್ಯಕ್ಷನಿಲ್ಲ, ಕಾರ್ಯದರ್ಶಿಯಿಲ್ಲ, ಮತ ಬಿದ್ದದ್ದನ್ನು ಕಂಪ್ಯೂಟರೇ ನಡೆಸಿಕೊಡುತ್ತದೆ. ಕೇಳಲು ಚೆಂದ. ಆದರೆ ಎಲ್ಲೂ ನೋಂದಣಿಯಾಗದೆ ಉಳಿದರೆ ಕಾನೂನು ಅವರನ್ನೆಲ್ಲ ಪಾಲುದಾರರೆಂದು ಹಿಡಿಯಬಹುದು, ಆಗ ಒಬ್ಬ ಮಾಡಿದ್ದು ಎಲ್ಲರ ತಲೆಗೆ ಬರುತ್ತದೆ. ಅದಕ್ಕೇ ಅವರು ದೇಶ ದೇಶ ವಿಚಾರಿಸುತ್ತಾರೆ. ಅಮೆರಿಕದ ಯಾವುದೋ ರಾಜ್ಯದಲ್ಲಿ ಕಂಪನಿಯಾಗೋಣವೋ, ಸ್ವಿಟ್ಜರ್ಲೆಂಡಿನಲ್ಲಿ ಪ್ರತಿಷ್ಠಾನ ಮಾಡೋಣವೋ, ಇಲ್ಲ ಈ ದ್ವೀಪಗಳಲ್ಲಿ ಸೀಮಿತ ಹೊಣೆಯ ಕಂಪನಿಯೋ, ಅದೂ ಲಾಭದ್ದೋ ಲಾಭವಿಲ್ಲದ್ದೋ. ಇದನ್ನೆಲ್ಲ ಬಿಡಿಸಿ ಹೇಳುವುದು ಎಲ್ಮಿನಾಳ ಕೆಲಸ. ಚೆನ್ನಾಗಿಯೇ ಹೇಳುತ್ತಿದ್ದಳು.

ಎರಡು ವರ್ಷದ ಹಿಂದೆ ‘ಹವಳದ ಒಡ್ಡು’ ಎಂಬ ಸಂಘ ಬಂತು. ಬಡ ಮೀನುಗಾರರ ಕೇರಿಗಳಲ್ಲಿ ಐಸ್ ಮಾಡುವ ಯಂತ್ರ ಕೂರಿಸುತ್ತೇವೆ, ಹಿಡಿದ ಮೀನು ಕೊಳೆಯುವುದಿಲ್ಲ ಎಂದರು. ಲಾಭವಿಲ್ಲದ ಕಂಪನಿಯಾಗಿ, ಜನ ಬೇಗ ನಂಬುತ್ತಾರೆ ಎಂದು ಸಲಹೆ ಕೊಟ್ಟವಳು ಎಲ್ಮಿನಾ. ಪತ್ರವ್ಯವಹಾರಕ್ಕೆ ಇಲ್ಲಿಯವರದೇ ಒಂದು ಹೆಸರು ಇರಲಿ ಎಂದು ಅವರು ಕೇಳಿದಾಗ ಏಜೆನ್ಸಿಯ ಸಾಹೇಬರು ಅವಳ ಹೆಸರನ್ನೇ ಹಾಕು ಎಂದಿದ್ದರು. ಏನಾದರೂ ಎಡವಟ್ಟಾದರೆ ಬೈಗುಳದ ಕಾಗದ ಮೊದಲು ಬರುವುದು ಆ ಹೆಸರಿಗೆ, ಕಾಗದ ಅಷ್ಟೇ, ಹೆದರಬೇಡ ಎಂದೂ ನಕ್ಕಿದ್ದರು. ಎಲ್ಮಿನಾ ಹೆದರಿದಳು. ಹೆದರಿದೆ ಎನ್ನಲು ನಾಚಿಕೆಯಾಗಿ, ಮನೆಯಲ್ಲಿ ಹಿರಿಯ ಮಾವ ಇರುವಾಗ ನಮ್ಮಲ್ಲಿ ಕಿರಿಯರು ತಮ್ಮ ಹೆಸರು ಮುಂದಿಡುವಂತಿಲ್ಲ ಎಂದಳು. ಸಾಹೇಬರು ಹೊರಗಿನವರು. ಪದ್ಧತಿ ಎಂದರೆ ಸಾಕು, ತಲೆಬಾಗಿ ಒಪ್ಪಿಬಿಡುತ್ತಿದ್ದರು.

ಮುಂದಿನ ಭಾನುವಾರ ಚರ್ಚಿನ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತಳು. ಮಾವ ಏನೆಂದೂ ಕೇಳದೆ, ಅವಳ ಬೆನ್ನಿನ ಮೇಲೇ ಹಾಳೆ ಇಟ್ಟು ಸಹಿ ಹಾಕಿದರು. ಹೆಸರಿನ ಹಿಂದೆ ‘ಅಲಾಪ್’ ಎಂಬ ಪದವಿಯನ್ನೂ ಟೈಪು ಮಾಡಿದ್ದಳು. ಕುಲದ ನೆಲಕ್ಕೂ ಜನಕ್ಕೂ ಹಿರಿಯನಾದವನನ್ನು ಬರೀ ಹೆಸರಿನಿಂದ ಬರೆಯುವುದು ಮರ್ಯಾದೆಯಲ್ಲವಲ್ಲ.

ಹೋದ ಏಪ್ರಿಲ್‌ನಲ್ಲಿ ಹವಳದ ಒಡ್ಡು ಮತ ಹಾಕಿ ತನ್ನನ್ನು ತಾನೇ ಮುಚ್ಚಿಕೊಂಡಿತು. ಹೆಚ್ಚು ಮತ ಕೈಯಲ್ಲಿದ್ದ ನಾಲ್ಕಾರು ಮಂದಿ, ಕೇರಿಗಳವರು ಯಂತ್ರಕ್ಕೆಂದು ಕಟ್ಟಿದ್ದ ಹಣವನ್ನೆಲ್ಲ ಬಾಚಿಕೊಂಡು ಕಾಣೆಯಾದರು. ಅವರ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆ ಸಂಘದ ಕಾಗದಗಳಲ್ಲೆಲ್ಲ ಹುಡುಕಿದರೂ ಸಿಗುತ್ತಿದ್ದ ಮನುಷ್ಯನ ಹೆಸರು ಒಂದೇ.

ಎಲ್ಮಿನಾ ಈ ಸಲ ಒಂದು ಸಾಲನ್ನೂ ಬಿಡದೆ ಓದಿದಳು. ಲೂರ್ದೆಸ್ ದೂರು ಕೊಡುತ್ತೇನೆಂದು ಬರೆದಿರಲಿಲ್ಲ, ಹೋದದ್ದನ್ನು ಕೊಡಿ ಎಂದೂ ಕೇಳಿರಲಿಲ್ಲ. ಕೇರಿಯ ಹದಿನೆಂಟು ಮನೆಯವರನ್ನು ಇದಕ್ಕೆ ಸೇರಿಸಿದವಳು ಅವಳು. ಈಗ ಆ ಹದಿನೆಂಟು ಮನೆಗಳಲ್ಲಿ ಒಬ್ಬರೂ ಅವಳ ಜೊತೆ ಮಾತಾಡುತ್ತಿಲ್ಲ. ಒಡಹುಟ್ಟಿದ ಅಕ್ಕ ಬಾವಿಯ ಹತ್ತಿರ ಇವಳನ್ನು ಕಂಡರೆ ಕೊಡ ಎತ್ತಿಕೊಂಡು ಹೊರಟುಬಿಡುತ್ತಾಳೆ. ಮೊದಲ ಸಲ ನುಂಗಿದ್ದ ಸಾಲು ಇದರ ಮುಂದಿನದು. "ನಾನು ದಡ್ಡಿಯಲ್ಲ ಸ್ವಾಮಿ. ಅಲಾಪ್ ಅಂದರೇನು ಎಂದು ಹುಡುಕಿ ಓದಿದೆ. ತನ್ನ ಜನರಿಗಾಗಿ ನಿಲ್ಲುವವನು ಎಂದಿತ್ತು. ಅದನ್ನೇ ಎಲ್ಲರಿಗೂ ತೋರಿಸಿ ನಂಬಿಸಿದೆ. ಆ ಹೆಸರಿನ ಮನುಷ್ಯ ನಿಜವಾಗಿ ಇದ್ದಾನೆಯೇ? ಅಷ್ಟು ತಿಳಿಸಿ ಸಾಕು."

ಅತ್ತೆಯ ಮುಂದೆ ಕೆಂಡದ ಮೇಲಿದ್ದ ಕಾಯಿ ಒಂದು ಕಡೆ ಸೀದುಹೋಗುತ್ತಿತ್ತು. ಅವರು ಅದನ್ನು ಹೊರಳಿಸಿ, ಗಂಡನ ಕಡೆ ನೋಡದೆ ಹೇಳಿದರು, "ನಿಮ್ಮ ಸಹಿ ನೋಡಿದ್ರೆ ಮೀನಿನ ಮುಳ್ಳು ಚೆಲ್ಲಿದಂಗಿರುತ್ತೆ. ಅದನ್ನ ನಂಬಿದ್ಲಾ, ಪಾಪ."

ಮಾವ ನಗಲಿಲ್ಲ. ಎದ್ದು ಒಳಗೆ ಹೋಗಿ, ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆಂದು ಅತ್ತೆ ಎಂಟು ತಿಂಗಳು ಕೂತು ಹೆಣೆದಿದ್ದ ಕೇದಗೆ ಗರಿಯ ಚಾಪೆಯನ್ನು ತಂದು ಕಟ್ಟೆಯ ಮೇಲೆ ಬಿಡಿಸಿದರು. ಇದು ಹೋಗಲಿ ಅವಳಿಗೆ, ಜೊತೆಗೆ ಒಂದು ಕಾಗದ ಬರಿ ಎಂದರು. ನಮ್ಮಲ್ಲಿ ತಪ್ಪು ಮಾಡಿದವರು ನೊಂದವರ ಮನೆಗೆ ಚಾಪೆ, ಊಟ ತೆಗೆದುಕೊಂಡು ಹೋಗಿ ನೆಲದ ಮೇಲೆ ತಲೆ ತಗ್ಗಿಸಿ ಕೂರಬೇಕು. ಅವರ ಪರವಾಗಿ ಕುಲದ ಹಿರಿಯ ಮಾತಾಡಬೇಕು. ಹಿರಿಯನೇ ತಪ್ಪು ಮಾಡಿದರೆ ಮಾತಾಡುವವರು ಯಾರಿದ್ದಾರೆ, ನಾನೇ ಹೇಳುತ್ತೇನೆ ಎಂದರು. ಅತ್ತೆ ಚಾಪೆಯನ್ನೊಮ್ಮೆ ನೋಡಿದರು. ಬೇಡವೆನ್ನಲಿಲ್ಲ.

ಇಂಥ ಕಾಗದಗಳಿಗೆ ಉತ್ತರ ಬರೆಯಬಾರದು ಎಂದು ಸಾಹೇಬರು ಹೇಳಿದ್ದಾರೆಂದು ಎಲ್ಮಿನಾ ತೊದಲಿದಳು. ಸೀಮಿತ ಹೊಣೆ ಎಂದರೆ ಅದೇ, ಕಾನೂನಿನ ಪ್ರಕಾರ ಮಾವನ ಕೂದಲೂ ಕೊಂಕುವುದಿಲ್ಲ, ಬರೆದರೆ ನಾವೇ ಮೈಮೇಲೆ ಎಳೆದುಕೊಂಡಂತೆ ಎಂದಳು.

"ಕಾನೂನು ನನ್ನ ಕೇಳ್ಲಿಲ್ಲ ಮಗಾ. ಆ ಹೆಂಗಸು ಕೇಳಿದಾಳೆ, ಮನುಷ್ಯ ಇದಾನಾ ಅಂತ. ಇದೀನಲ್ಲ. ಬರಿ. ‘ನಾನು ಲಂಗಿನ್. ತಪ್ಪು ನನ್ನದು.’"

ಎಲ್ಮಿನಾ ಬರೆದಳು. ತಪ್ಪು ನನ್ನದು ಎಂಬ ಮಾತು ಅವಳದೇ ದುಂಡಗಿನ ಅಕ್ಷರದಲ್ಲಿ, ಮಾವನ ಹೆಸರಿನ ಪಕ್ಕದಲ್ಲಿ ಕೂತಿತು. ಮುಂದಿನ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು ಇದನ್ನು ಎಲ್ಲರಿಗೂ ಹೇಳಬೇಕು, ಹಿರಿತನ ತಮ್ಮನಿಗೆ ಹೋಗಲಿ, ಇಂಥ ಹೆಸರಿಟ್ಟುಕೊಂಡು ನೆಲದ ತಗಾದೆ ಬಗೆಹರಿಸಲು ಯಾವ ಮುಖದಲ್ಲಿ ಕೂರಲಿ ಎಂದು ಮಾವ ತಮ್ಮಷ್ಟಕ್ಕೆ ಎಂಬಂತೆ ಹೇಳುತ್ತಿದ್ದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೋ ಏನೋ.

"ಮಾವ, ಅಲ್ಲಿ ನನ್ನ ಹೆಸರು ಇರಬೇಕಿತ್ತು."

"ದೊಡ್ಡವರು ಇರೋವಾಗ ನಿನ್ನ ಹೆಸರು ಯಾಕೆ ಬರುತ್ತೆ? ನೀನು ಮಾಡಿದ್ದು ಸರಿಯಾಗೇ ಇದೆ."

"ಮರ್ಯಾದೆಗಲ್ಲ ಮಾವ ನಾನು ನಿಮ್ಮ ಹೆಸರು ಹಾಕಿದ್ದು." ಅವಳು ಪೆನ್ನನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. "ಹೆದರ್ಕೊಂಡು ಹಾಕ್ದೆ. ಏನಾದ್ರೂ ಬಂದ್ರೆ ನಿಮಗೆ ಬರ್ಲಿ ಅಂತ. ನಿಮ್ಮನ್ನ ಯಾರೂ ಏನೂ ಅನ್ನಲ್ಲ ಅಂದ್ಕೊಂಡೆ. ಪದ್ಧತಿ ಅಂತ ಸಾಹೇಬರಿಗೆ ಸುಳ್ಳು ಹೇಳ್ದೆ, ನಿಮಗೆ ಏನೂ ಹೇಳ್ಲೇ ಇಲ್ಲ."

ಅತ್ತೆ ಕೆಂಡ ಕೆದಕುವುದನ್ನು ನಿಲ್ಲಿಸಿದರು. ಲಗೂನಿನ ತಿಳಿನೀರಿನ ಆಚೆ ಒಂದು ದೋಣಿ ಹಾಯಿ ಇಳಿಸುತ್ತಿತ್ತು, ಮಾವ ಅದನ್ನೇ ನೋಡುತ್ತಿದ್ದರು. ಬೈಯಲಿ, ಎದ್ದು ಹೋಗು ಎನ್ನಲಿ ಎಂದು ಎಲ್ಮಿನಾ ಮನಸ್ಸಿನಲ್ಲೇ ಬೇಡಿಕೊಂಡಳು. ‘ಹೋಗಲಿ ಬಿಡು ಮಗಾ’ ಎನ್ನುವುದೊಂದು ಬೇಡ ಎಂದುಕೊಂಡಳು. ಆ ಮಾತು ಬಂದರೆ ತಾನು ಅದನ್ನು ಹಿಡಿದುಕೊಂಡು ಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು.

"ಆ ಹಾಳೆ ಹರಿದು ಹಾಕು," ಎಂದರು ಮಾವ. "ಹೊಸದು ತಗೋ."

ಅವಳು ತೆಗೆದುಕೊಂಡಳು. ಈಗ ಮಾವನ ದನಿ ಬದಲಾಗಿತ್ತು. ಕುಲದ ಪರವಾಗಿ ನಾಲ್ಕು ಜನರ ಮುಂದೆ ಮಾತಾಡುವಾಗಿನ ನಿಧಾನದ, ಗಟ್ಟಿಯಾದ ದನಿ ಅದು.

"ಬರಿ. ‘ನಾನು ಲಂಗಿನ್, ನಿಜವಾಗಿ ಇದ್ದೇನೆ. ತಪ್ಪು ಮಾಡಿದವಳು ನನ್ನ ತಂಗಿಯ ಮಗಳು. ಅವಳ ಹೆಸರು ಎಲ್ಮಿನಾ.’ ಪೂರ್ತಿ ಹೆಸರು ಬರಿ. ಬರೆದ್ಯಾ?"

"ಬರೆದೆ ಮಾವ."

"‘ಅವಳು ಭಯದಿಂದ ನನ್ನ ಹೆಸರಿನ ಹಿಂದೆ ಅಡಗಿದಳು. ನೀವು ಆ ಹೆಸರನ್ನು ನಂಬಿದಿರಿ. ಅವಳ ಪರವಾಗಿ ನಾನು ಮಾತಾಡುತ್ತಿದ್ದೇನೆ. ಸಮುದ್ರ ಅಡ್ಡ ಇದೆ, ಇಲ್ಲದಿದ್ದರೆ ನಿಮ್ಮ ಅಂಗಳದಲ್ಲೇ ಇರುತ್ತಿದ್ದೆವು. ಅವಳು ಇಲ್ಲಿ ನನ್ನ ಕಾಲ ಹತ್ತಿರ, ನೆಲದ ಮೇಲೆ, ತಲೆ ತಗ್ಗಿಸಿ ಕೂತಿದ್ದಾಳೆ.’"

ಅಲ್ಲಿಗೆ ಮಾವ ನಿಲ್ಲಿಸಿದರು. ಎಲ್ಮಿನಾ ‘ನನ್ನ ಕಾಲ ಹತ್ತಿರ’ ಎನ್ನುವವರೆಗೆ ಬರೆದು ತಲೆ ಎತ್ತಿದಳು. ಮಾವ ಮುಂದೆ ಹೇಳಲಿಲ್ಲ, ಅವಳ ಕಡೆ ತಿರುಗಿಯೂ ನೋಡಲಿಲ್ಲ. ಅತ್ತೆ ಕೈ ಒರೆಸಿಕೊಂಡು ನಿಂತಿದ್ದರು.

ಅವಳು ಕುರ್ಚಿಯಿಂದ ಎದ್ದಳು. ಅದನ್ನು ಗೋಡೆಯ ಕಡೆ ಸರಿಸಿ, ಕಟ್ಟೆಯ ಕೆಳಗೆ ಹವಳದ ನುರುಜು ಹರಡಿದ್ದ ಅಂಗಳದಲ್ಲಿ, ಮಾವನ ಕಾಲ ಹತ್ತಿರ ಮಂಡಿ ಮಡಿಸಿ ಕೂತಳು. ಕಲ್ಲು ಚುಚ್ಚಿದವು. ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡು, ತಲೆ ತಗ್ಗಿಸಿ, ಉಳಿದ ಸಾಲನ್ನು ಬರೆದಳು.