ಮಾಲೆಗಳ ನಡುವೆ ಒಂದು ಮುಖ

೨೦೨೪ರ ನವೆಂಬರ್ ೨೧, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಭದ್ರಾವತಿಯ ಮನೆಯಂಗಳದಲ್ಲಿ ಕರಿಯಣ್ಣ ಶಿವಶಂಕರಪ್ಪನವರ ಕೊರಳಿಗೆ ಇಪ್ಪತ್ತಮೂರನೆಯ ಮಾಲೆ ಹಾಕುತ್ತಿದ್ದ. ಶವ ಹೊರಲು ಕಟ್ಟಿದ್ದ ಬಿದಿರಿನ ವಿಮಾನದಲ್ಲಿ ನೆಟ್ಟಗೆ ಕೂರಿಸಿದ್ದ ದೇಹಕ್ಕೆ ಗಲ್ಲದವರೆಗೂ ಹೂವೇ.

"ಈ ಪಂಚೆ ನೋಡಿದ್ರೆ ಸಾರ್, ಬಿಳುಪು ಸಾಲ್ದು ಅಂತ ವಾಪಸ್ ಕಳಿಸ್ತಿದ್ರು," ಅಂದ. ಕಾಗದದ ಕಾರ್ಖಾನೆಯಲ್ಲಿ ಅವರ ಜೊತೆ ಇಪ್ಪತ್ತು ವರ್ಷ ದುಡಿದವನು. "ಲ್ಯಾಬಲ್ಲಿ ಕೂತು ನನ್ನ ಎಷ್ಟು ರೀಲ್ ಫೇಲ್ ಮಾಡಿದಾರೋ ಮಾರಾಯ!"

ಹೆಂಗಸರೂ ನಕ್ಕರು. ಎಪ್ಪತ್ತೆಂಟು ವರ್ಷ ಬದುಕಿ, ರಾತ್ರಿ ಊಟ ಮುಗಿಸಿ, ನಿದ್ದೆಯಲ್ಲಿ ಹೋದವರ ಮನೆಯಲ್ಲಿ ಆ ನಗು ಯಾರಿಗೂ ತಪ್ಪೆನಿಸಲಿಲ್ಲ.

ಅಷ್ಟರಲ್ಲಿ ಶಿವಮೊಗ್ಗದಿಂದ ಪ್ರಕಾಶನ ಆಟೋ ಬಂದು ನಿಂತಿತು. ಅವನ ತೋಳಿನಲ್ಲಿ ಐದು ವರ್ಷದ ಮಗಳು ಇಂಪನಾ. ಅವಳಿಗೆ ಇನ್ನೂ ಮಾತು ಬಂದಿರಲಿಲ್ಲ.

"ಅಮ್ಮ, ಇವಳಿಗೆ ಒಂದ್ಸಲ ಸಾರ್ ಮುಖ ತೋರಿಸ್ಬೇಕು," ಎಂದ ಶಿವಶಂಕರಪ್ಪನವರ ಹೆಂಡತಿ ಜಗದಾಂಬಾಗೆ. "ಸೋಮವಾರ ಬಂತು ಅಂದ್ರೆ ಸೆಂಟರ್ ಬಾಗಿಲಲ್ಲೇ ಕೂತ್ಬಿಡ್ತಾಳೆ. ಸಾರ್ ಬರೋವರೆಗೂ ಒಳಗೆ ಹೋಗಲ್ಲ. ಇನ್ನು ಅವರು ಬರಲ್ಲ ಅಂತ ಹೆಂಗೆ ಹೇಳ್ಲಿ?"

ಮಗು ಗಾಳಿಗೆ ಪಟಪಟಿಸುತ್ತಿದ್ದ ಶಾಮಿಯಾನದ ಅಂಚನ್ನು ನೋಡುತ್ತಿತ್ತು.

"ಈ ಕಡೆ ತಿರುಗೇ ಇಲ್ವಲ್ಲಪ್ಪ," ಎಂದರು ಶಿವಶಂಕರಪ್ಪನವರ ಅಣ್ಣ ಉಜ್ಜನಪ್ಪ. "ಅದಕ್ಕೇನು ತಿಳಿಯುತ್ತೆ? ಹನ್ನೊಂದಕ್ಕೆ ಹೊರಡ್ಬೇಕು."

*

ಎರಡು ವರ್ಷದ ಹಿಂದೆ ಶಿವಶಂಕರಪ್ಪ ಮನೆಯಲ್ಲಿ ಉಳಿದಿದ್ದ ಡ್ರಾಯಿಂಗ್ ಹಾಳೆಗಳನ್ನು ಕೊಡಲು ಶಿವಮೊಗ್ಗದ ವಿಶೇಷ ಮಕ್ಕಳ ಕೇಂದ್ರಕ್ಕೆ ಹೋಗಿದ್ದರು. ಬುಟ್ಟಿ ತುಂಬ ಆಟಿಕೆಯ ಮುಂದೆ ಕೂತ ಇಂಪನಾ ಒಂದನ್ನೂ ನೋಡುತ್ತಿರಲಿಲ್ಲ. ಕಣ್ಣು ಸರಿಯಾಗೇ ಇದೆ, ಹಲವು ವಸ್ತುಗಳಿಂದ ಒಂದನ್ನು ಬೇರೆ ಮಾಡಿಕೊಳ್ಳುವುದು ಇವಳ ಮೆದುಳಿಗೆ ಕಷ್ಟ ಎಂದು ವೈದ್ಯರು ಹೇಳಿದ್ದರಂತೆ.

ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರ ಎಷ್ಟು ಎದ್ದು ಕಾಣುತ್ತದೆಂದು ಮೂವತ್ತನಾಲ್ಕು ವರ್ಷ ಅಳೆದ ಮನುಷ್ಯನಿಗೆ ಇದು ಪರಿಚಿತ ಪ್ರಶ್ನೆಯಾಗಿತ್ತು. ಮುಂದಿನ ಸೋಮವಾರ ಕಪ್ಪು ಬಟ್ಟೆ ಹಾಸಿ, ಒಂದೇ ಒಂದು ಹಳದಿ ಚೆಂಡು ಇಟ್ಟರು. ಇಂಪನಾ ನೋಡಿದಳು. ಪಕ್ಕದಲ್ಲಿ ಹಸಿರು ಲೋಟ ಇಟ್ಟರು; ನೋಟ ಜಾರಿತು. ಲೋಟ ತೆಗೆದರು, ನೋಟ ಮರಳಿತು.

ಆಮೇಲೆ ಅವರು ಒಂದು ಸೋಮವಾರವೂ ಬಸ್ಸು ತಪ್ಪಿಸಲಿಲ್ಲ.

*

"ಭಾವ, ಹೂವು ಜಾಸ್ತಿ ಆಯ್ತು," ಎಂದು ಜಗದಾಂಬಾ ಎದ್ದರು. ಒಂದೊಂದೇ ಮಾಲೆ ತೆಗೆಯತೊಡಗಿದರು.

"ಹಾಕಿದ ಮಾಲೆ ತೆಗಿತಾರೇನಮ್ಮ? ತಂದವರು ಏನಂದ್ಕೊಳ್ತಾರೆ?" ಎಂದರು ಉಜ್ಜನಪ್ಪ.

"ಮೊದ್ಲು ನಂದು ತೆಗೀರಮ್ಮ, ಅದೂ ಫೇಲೇ," ಅಂದ ಕರಿಯಣ್ಣ.

ಶಿವಶಂಕರಪ್ಪನವರ ಮಗಳು ರಶ್ಮಿ ಒಳಗಿನಿಂದ ಕರಿ ಕಂಬಳಿ ತಂದು ತಂದೆಯ ಬೆನ್ನ ಹಿಂದೆ ಹಿಡಿದಳು. ಈಗ ಅಲ್ಲಿ ವಿಭೂತಿ ಬಳಿದ ಮುಖವೊಂದೇ ಉಳಿಯಿತು. ಪ್ರಕಾಶ ಮಗಳನ್ನು ಎದುರಿಗೇ ಹಿಡಿದ. ಅವಳ ಕಣ್ಣು ಮತ್ತೆ ಶಾಮಿಯಾನಕ್ಕೇ ಹೋಯಿತು.

"ಬಿಡಿ ಅಮ್ಮ," ಎಂದ ಅವನು. ಸ್ವರ ಇಳಿದಿತ್ತು.

ಜಗದಾಂಬಾ ಗಂಡನನ್ನು ನೋಡುತ್ತ ನಿಂತರು. "ಇವ್ರು ಇವಳ ಮುಂದೆ ಹಿಂಗೆ ಸುಮ್ನೆ ಕೂತವರೇ ಅಲ್ಲ. ಅಲ್ಲಾಡಿದ್ರೇ ಇವಳ ಕಣ್ಣಿಗೆ ಸಿಗೋದಂತೆ. ಮನೇಲಿ ಕನ್ನಡಿ ಮುಂದೆ ಮೈ ಎಡಕ್ಕೆ, ಬಲಕ್ಕೆ ತೂಗಿ ಅಭ್ಯಾಸ ಮಾಡೋರು. ಮುದುಕರಿಗೆ ಮರುಳು ಅಂತ ನಗಾಡ್ತಿದ್ದೆ." ಆಮೇಲೆ ಹೊರುವವರ ಕಡೆ ತಿರುಗಿದರು. "ಕರಿಯಣ್ಣ, ವಿಮಾನ ಎತ್ತಿ, ಸ್ವಲ್ಪ ತೂಗ್ರಪ್ಪ."

ಕರಿಯಣ್ಣ ಉಜ್ಜನಪ್ಪನ ಮುಖ ನೋಡಿದ.

"ತೂಗೋದಾ? ಕುಲುಕದ ಹಾಗೆ ಹೊರ್ಬೇಕು ಅಂತ ಬೆಳಿಗ್ಗೆಯಿಂದ ಹೇಳ್ತಿದೀನಿ..." ಉಜ್ಜನಪ್ಪ ಅರ್ಧಕ್ಕೇ ನಿಲ್ಲಿಸಿದರು. ತಮ್ಮನ ಮುಖ ನೋಡಿದರು. ಹೆಗಲ ಮೇಲಿನ ಟವೆಲನ್ನು ಸೊಂಟಕ್ಕೆ ಕಟ್ಟಿ, ಮುಂದಿನ ಬೊಂಬಿಗೆ ತಾವೇ ಕೈ ಹಾಕಿದರು. "ನಿಧಾನ. ಬೀಳಿಸ್ಬೇಡ್ರೋ."

ನಾಲ್ವರು ವಿಮಾನವನ್ನು ಸೊಂಟದೆತ್ತರಕ್ಕೆ ಎತ್ತಿದರು. ಶಿವಶಂಕರಪ್ಪನವರು ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು, ಮತ್ತೆ ಎಡಕ್ಕೆ.

ಇಂಪನಾಳ ಕತ್ತು ಶಾಮಿಯಾನದಿಂದ ಹೊರಳಿತು. ಅಪ್ಪನ ಕಾಲರು ಹಿಡಿದು ಮುಂದೆ ಬಾಗಿ ಆ ಮುಖವನ್ನೇ ನೋಡಿದಳು. ಬಿದಿರು ಕಿರುಗುಟ್ಟುತ್ತಿತ್ತು. ಆಮೇಲೆ ಅವಳೇ ಮುಖ ತಿರುಗಿಸಿ ಅಪ್ಪನ ಹೆಗಲಿಗೆ ತಲೆಯಿಟ್ಟಳು.

ಅವಳು ನೋಡಿದಷ್ಟು ಹೊತ್ತಿಗೆ ರಶ್ಮಿಯ ಕೈಗಡಿಯಾರದಲ್ಲಿ ಹದಿನಾಲ್ಕು ಸೆಕೆಂಡು ಕಳೆದಿತ್ತು.