ಎಂಟು ಮೀಟರಿನ ಉಸುಲು

ಗುಳ್ಳೆ ಬರಲಿಲ್ಲ. ಸಂಘಮಿತ್ರಾ ಬಲಗೈಯಲ್ಲಿ ಹಗ್ಗ ಬಿಗಿಹಿಡಿದು, ಎಡಗೈಯಿಂದ ಅಂಬಣ್ಣನ ಹೆಗಲ ಪಟ್ಟಿ ಜಗ್ಗಿ ಅವನನ್ನು ನಿಲ್ಲಿಸಿದಳು. ಮೇಲಿನ ಬೆಳಕಿಗೆ ಇನ್ನೂ ಐದು ಮೀಟರು ಇತ್ತು. ಅವನ ಬಾಯಲ್ಲಿ ಗಾಳಿಯ ನಳಿಕೆ ಇತ್ತು, ಕಣ್ಣು ತೆರೆದೇ ಇದ್ದವು, ಎದೆ ಮಾತ್ರ ಕಲ್ಲಿನ ಹಾಗೆ ನಿಂತುಬಿಟ್ಟಿತ್ತು. ಅವಳು ಮುಷ್ಟಿಯಿಂದ ಆ ಎದೆಗೆ ಎರಡು ಸಲ ಗುದ್ದಿದಳು. ಆಗ ಅಷ್ಟೂ ಉಸಿರು ಒಮ್ಮೆಗೇ ಬುಳಬುಳನೆ ಹೊರಬಿದ್ದು ಹಸಿರು ನೀರನ್ನು ಬಿಳಿ ಮಾಡಿತು. ಆಮೇಲೆ ಇಬ್ಬರೂ ಉಸಿರಾಡುತ್ತ ನಿಧಾನವಾಗಿ ಮೇಲೆ ಬಂದರು.

ಇದು ನಾಲ್ಕನೆಯ ಸಲ.

ಶಹಾಪುರದ ಹೊರಗಿನ ಈ ಕಲ್ಲು ಕ್ವಾರಿಯಲ್ಲಿ ಕೆಲಸ ನಿಂತು ಹತ್ತು ವರ್ಷವಾಗಿತ್ತು. ಗುಂಡಿ ತುಂಬ ನೀರು, ಎಂಟು ಮೀಟರು ಆಳ. ಮೂರು ಕಡೆ ಕಡಿದ ಬಂಡೆ, ಒಂದು ಕಡೆ ಲಾರಿ ಇಳಿಯುತ್ತಿದ್ದ ದಾರಿ. ಆ ದಾರಿಯ ಅಂಚಿನ ಜಾಲಿ ಮರದ ಕೆಳಗೆ ಕುರ್ಚಿ ಹಾಕಿಕೊಂಡು ನಸೀರುದ್ದೀನ ಕುಳಿತಿದ್ದ. ಕಾಲುವೆ, ಬಾವಿಗಳಲ್ಲಿ ಮುಳುಗಿದವರನ್ನು ತೆಗೆಯುವ ಐದು ಜನರ ತಂಡ ಅವನದು. ಬರುವ ಒಂದನೇ ತಾರೀಖಿನಿಂದ ಡೈವಿಂಗ್ ಕಾರ್ಡು ಇಲ್ಲದವರನ್ನು ನೀರಿಗೆ ಇಳಿಸುವಂತಿಲ್ಲ ಎಂದು ವಿಮೆಯವರು ಬರೆದು ಕಳಿಸಿದ್ದರು. ಅಂಡಮಾನಿನಲ್ಲಿ ಕೆಲಸ ಮಾಡಿದ, ಇಂಥ ಕಾರ್ಡು ಕೊಡುವ ತರಬೇತುದಾರಳೊಬ್ಬಳ ಊರು ಇಲ್ಲೇ ಕೊಂಕಲ್ ಎಂದು ತಿಳಿದು ಅವನು ಸಂಘಮಿತ್ರಾಳನ್ನು ಕರೆಸಿದ್ದ. ಆರು ದಿನದಲ್ಲಿ ನಾಲ್ಕು ಜನ ಪಾಸಾಗಿದ್ದರು. ಉಳಿದವನು ಅಂಬಣ್ಣ ಒಬ್ಬನೇ. ಕಕ್ಕೇರಾದವನು, ಕುರಿ ಸಾಕುವ ಮನೆಯವನು, ಐವತ್ತೊಂದು ವರ್ಷ. ಅದರಲ್ಲಿ ಮೂವತ್ತು ವರ್ಷ ಸುರಪುರ ಸೀಮೆಯ ಹೆಣಗಳನ್ನು ಬರಿಗೈಯಲ್ಲಿ ಮೇಲೆ ತಂದವನು.

“ಏನ್ ಕಾಕಾ, ಗಾಳಿ ಉಳಿಸಿ ಮನಿಗೆ ಒಯ್ಯಾಂವೇನು? ಕಾಕಿಗೆ ಕೊಡ್ತೀ?” ದಂಡೆಯ ಮೇಲಿಂದ ವಹಾಬ ಕೂಗಿದ. ತಂಡದಲ್ಲಿ ಎಲ್ಲರಿಗಿಂತ ಸಣ್ಣವನು, ಎರಡನೆಯ ದಿನವೇ ಪಾಸಾಗಿದ್ದ.

“ನಿಮ್ಮಪ್ಪಗ ಕೊಡ್ತೀನಿ, ಕಳಸು,” ಎಂದ ಅಂಬಣ್ಣ, ಮೂಗು ಸೀಟುತ್ತ.

“ಉಸುಲು ಬಿಡಬೇಕು ಕಾಕಾ,” ಎಂದಳು ಸಂಘಮಿತ್ರಾ.

“ಬಿಟ್ಟೀನಲ್ಲ.”

“ಬಿಟ್ಟಿಲ್ಲ. ನಾ ಗುದ್ದಿದ ಮ್ಯಾಲ ಬಿಟ್ರಿ.”

ಪರೀಕ್ಷೆ ದೊಡ್ಡದೇನಲ್ಲ. ಸಿಲಿಂಡರಿನ ಗಾಳಿ ತಳದಲ್ಲಿ ಮುಗಿಯಿತು ಎಂದುಕೊಂಡು, ಒಂದೇ ಉಸಿರಿನಲ್ಲಿ ‘ಆ’ ಎನ್ನುತ್ತ, ಗುಳ್ಳೆ ಬಿಡುತ್ತ ಬಿಡುತ್ತ ಮೇಲಿನವರೆಗೆ ಬರಬೇಕು. ಎಂಟು ಮೀಟರಿನಲ್ಲಿ ಎಳೆದುಕೊಂಡ ಗಾಳಿ ಮೇಲೆ ಬಂದಂತೆಲ್ಲ ಉಬ್ಬುತ್ತದೆ. ಬಿಡದಿದ್ದರೆ ಶ್ವಾಸಕೋಶ ಹರಿಯುತ್ತದೆ. ದಂಡೆಯಿಂದಲೇ ಉಸಿರು ತುಂಬಿಕೊಂಡು ಹೋಗುವ ಬಾವಿ ಈಜಿನವನಿಗೆ ಈ ಅಪಾಯವಿಲ್ಲ. ಅವನು ಒಯ್ದದ್ದನ್ನೇ ವಾಪಸು ತರುತ್ತಾನೆ. ಅಂಬಣ್ಣನನ್ನು ಮೂವತ್ತು ವರ್ಷ ಬದುಕಿಸಿದ ರೂಢಿಯೇ ಸಿಲಿಂಡರು ಕಟ್ಟಿಕೊಂಡ ದಿನ ಅವನನ್ನು ಕೊಲ್ಲುವಂಥದ್ದು. ಇದನ್ನು ಅವಳು ಆರು ದಿನದಿಂದ ಹೇಳುತ್ತಿದ್ದಳು. ಅವನು ಆರು ದಿನದಿಂದ ತಲೆ ಆಡಿಸುತ್ತಿದ್ದ.

“ಇಲ್ಲೇ ಒಮ್ಮಿ ಅನ್ರಿ,” ಎಂದಳು.

ಅವನು ದಂಡೆಯ ಮೇಲೆ ನಿಂತು “ಆ…” ಎಂದ. ಉದ್ದ, ಒಂದೇ ದಾರದಂಥ ಸ್ವರ. ಬಂಡೆಯ ಮೇಲೆ ಮೇಯುತ್ತಿದ್ದ ಯಾರದೋ ಕುರಿಗಳು ಒಟ್ಟಿಗೆ ತಲೆಯೆತ್ತಿದವು.

“ಕರಿಯಾಕತ್ತಾನಂತ ತಿಳದಾವು,” ಎಂದ ವಹಾಬ. ನಸೀರುದ್ದೀನನೂ ನಕ್ಕ. ಸಂಘಮಿತ್ರಾ ತನ್ನ ತುಟಿಯೂ ಅಗಲವಾದದ್ದನ್ನು ಗಮನಿಸಿದಳು. ಹದಿನಾಲ್ಕು ತಿಂಗಳಿನಿಂದ ಅವಳ ಮುಖ ತನ್ನಷ್ಟಕ್ಕೆ ತಾನು ಇಂಥ ಕೆಲಸ ಮಾಡಿಕೊಂಡು ಹೋಗುತ್ತಿತ್ತು.

ಹದಿನಾಲ್ಕು ತಿಂಗಳ ಹಿಂದೆ ಅವಳ ತಮ್ಮ ಅರುಣಕುಮಾರ ಹುಣಸಗಿ ಹತ್ತಿರದ ಕಾಲುವೆಯಲ್ಲಿ ಕಾಲು ತೊಳೆಯಲು ಇಳಿದು ಜಾರಿದ್ದ. ಅವಳು ಆ ಹೊತ್ತಿಗೆ ಅಂಡಮಾನಿನ ಸಮುದ್ರದೊಳಗೆ ಇಬ್ಬರು ಪ್ರವಾಸಿಗರಿಗೆ ಈಜು ಕನ್ನಡಕದೊಳಗೆ ಹೊಕ್ಕ ನೀರು ತೆಗೆಯುವುದನ್ನು ಕಲಿಸುತ್ತಿದ್ದಳು. ಊರಿಗೆ ಬಂದಾಗ ಮಣ್ಣಾಗಿತ್ತು. ತಮ್ಮನನ್ನು ಮೇಲೆ ತಂದವನು ಅಂಗಳದಲ್ಲಿ ಕುಳಿತಿದ್ದ. ಅವಳು ಅಳಲಿಲ್ಲ. “ಎಷ್ಟು ಆಳ ಇತ್ತ್ರಿ?” ಎಂದು ಕೇಳಿದಳು. “ಎರಡಾಳು,” ಎಂದಿದ್ದ ಅಂಬಣ್ಣ. ಎರಡಾಳು ಎಂದರೆ ಸುಮಾರು ಮೂರೂವರೆ ಮೀಟರು ಎಂದು ಅವಳು ಲೆಕ್ಕ ಹಾಕಿದ್ದಳು. ಆಮೇಲೆ ವಾಪಸು ಅಂಡಮಾನಿಗೆ ಹೋಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ಕಾರಣ ಹುಡುಕಬೇಕಾಗುತ್ತಿತ್ತು.

ಐದನೆಯ ಸಲ ಇಳಿದರು. ತಳದ ಕೆಸರಿನ ಮೇಲೆ ಮಂಡಿಯೂರಿ ಅವನು ಒಳ್ಳೆಯ ವಿದ್ಯಾರ್ಥಿಯ ಹಾಗೆ ಸನ್ನೆ ಮಾಡಿದ: ಸಿದ್ಧ. ಉಸಿರೆಳೆದ. ಎದ್ದ. ಮೊದಲ ಒಂದು ಮೀಟರು ಸಣ್ಣ ಗುಳ್ಳೆಗಳು ಬಂದವು, ಅವಳು ಎಣಿಸಿದಳು. ಆಮೇಲೆ ನಿಂತವು. ಅವನ ತೋಳು ಏನನ್ನೋ ಅವುಚಿಕೊಂಡ ಹಾಗೆ ಎದೆಯ ಕಡೆ ಮಡಚಿಕೊಂಡಿತು. ಅವಳು ಪಟ್ಟಿ ಹಿಡಿದು ನಿಲ್ಲಿಸಿದಳು, ಗುದ್ದಿದಳು.

ಈ ಸಲ ದಂಡೆಗೆ ಬಂದು ಅವನು ವಾದಿಸಲಿಲ್ಲ. ಸಿಲಿಂಡರು ಇಳಿಸಿ, ಬಿಸಿ ಬಂಡೆಯ ಮೇಲೆ ಕುಳಿತ.

“ಉಸುಲು ನಿಂತ್ತು ನೋಡವ್ವ. ನನಗೇ ಗೊತ್ತಾತು.”

“ಯಾಕ ನಿಲ್ತದ ಕಾಕಾ?”

“ಹೆಣ ಮೂರು ದಿನ ಇದ್ದ ನೀರಾಗ ಬಾಯಿ ತಗದ್ರ ಏನ್ ಒಳಗ ಬರ್ತದ, ನಿನಗ ಗೊತ್ತಿಲ್ಲ. ಅದು ಅವರ ನೀರು. ಕೆಳಗ ಹೋಗೂಮುಂದ ಹ್ಯಾಂಗರ ಹೋಗು, ಮ್ಯಾಲ ಬರೂಮುಂದ ಕೈಯಾಗ ಒಬ್ಬರು ಇರ್ತಾರ. ಬಾಯಿ ತಗಿಯಂಗಿಲ್ಲ. ನಾ ಅಲ್ಲ, ಮೈ ತಗಿಯಂಗಿಲ್ಲ.”

ಅರುಣಕುಮಾರ ನೀರಿನಲ್ಲಿ ಒಂದೂವರೆ ದಿನ ಇದ್ದ, ಮೂರು ದಿನ ಅಲ್ಲ ಎಂದುಕೊಂಡಳು ಅವಳು. ಒಳಗೆ ಏನಾದರೂ ಆಗುತ್ತದೋ ಎಂದು ಸ್ವಲ್ಪ ಹೊತ್ತು ಕಾದಳು. ಏನೂ ಆಗಲಿಲ್ಲ. ಕಾಲಬೆರಳಿನ ಸಂದಿಯಲ್ಲಿ ಕೆಸರು ಒಣಗುತ್ತಿತ್ತು.

“ಕಾರ್ಡ ಇಲ್ಲಂದ್ರ ಏನ್ ಮಾಡ್ತೀರಿ?”

“ಏನ್ ಮಾಡ್ಲಿ. ದಂಡಿ ಮ್ಯಾಲ ಕುಂತು ನೋಡಾಕ ನನಗ ಬರಂಗಿಲ್ಲ. ಸತ್ತವರ ಮಂದಿ ಅಳೂದು ನಾ ಎಂದೂ ಕೇಳಿಲ್ಲವ್ವ. ಅವರು ಅಳೂಮುಂದ ನಾ ನೀರಾಗ ಇರ್ತೀನಿ.”

ಸಂಘಮಿತ್ರಾಳ ಅವ್ವನ ಫೋನು ಬಂತು. ಲಾಲಮ್ಮ ಯಾವತ್ತೂ ಹೇಗಿದ್ದೀ ಎಂದು ಕೇಳಿ ಶುರು ಮಾಡುವವಳಲ್ಲ.

“ಅಂಬಣ್ಣಗ ಕಾರ್ಡ ಕೊಟ್ಟಿಯೇನು?”

“ಇನ್ನಾ ಇಲ್ಲ.”

“ನಿನ್ನ ತಮ್ಮನ್ನ ತರೂಮುಂದ ಅವ ಯಾರ ಕಾರ್ಡ ಕೇಳಿದ್ದಾ?” ಎಂದು ಲಾಲಮ್ಮ ಫೋನು ಇಟ್ಟಳು.

ನಸೀರುದ್ದೀನ ಕುರ್ಚಿಯಿಂದ ಎದ್ದು ಬಂದ. ಹತ್ತಿರ ಬಂದು ದನಿ ತಗ್ಗಿಸಿದ.

“ಬೇಟಿ, ಐದು ಸಲ ಮಾಡಿದ್ರೂ ಅಷ್ಟೇ, ಐವತ್ತು ಸಲ ಮಾಡಿದ್ರೂ ಅಷ್ಟೇ. ಈಜೂದ್ರಾಗ ಇವನ ಸಮಕ್ಕ ಯಾರೂ ಬರಂಗಿಲ್ಲ. ಬಾಕಿ ಎಲ್ಲಾ ಪಾಸ್ ಅದ. ಹಾಳಿ ಮ್ಯಾಲ ಒಂದ ಗೆರಿ, ಹಾಕಿಬಿಡು. ಯಾರು ನೋಡಾಕ ಬರ್ತಾರ ಇಲ್ಲಿ?”

ಅದು ನಿಜವಲ್ಲ. ಕಾರ್ಡು ಹೊರಡಿಸುವ ಸಂಸ್ಥೆಯವರು ಆಗೊಮ್ಮೆ ಈಗೊಮ್ಮೆ ವಿದ್ಯಾರ್ಥಿಗಳಿಗೇ ಪ್ರಶ್ನೆ ಕಳಿಸಿ ಕೇಳುತ್ತಾರೆ: ಇದನ್ನು ಮಾಡಿಸಿದರೇ, ಅದನ್ನು ಮಾಡಿಸಿದರೇ. ಸುಳ್ಳು ಸಿಕ್ಕರೆ ತರಬೇತುದಾರರ ಹೆಸರು ಪಟ್ಟಿಯಿಂದ ಹೋಗುತ್ತದೆ. ಏಳು ವರ್ಷದಲ್ಲಿ ಅವಳು ಒಂದು ಗೆರೆಯನ್ನೂ ಸುಳ್ಳು ಹಾಕಿರಲಿಲ್ಲ. ಸಮುದ್ರದಲ್ಲಿ ಅದಕ್ಕಾಗಿ ಜಗಳ ಆಡಿದ್ದಳು, ಒಂದು ಕೆಲಸ ಬಿಟ್ಟಿದ್ದಳು. ಆ ಸಿಟ್ಟು ಎಲ್ಲಿತ್ತು ಎಂದು ಈಗ ನೆನಪಾಗಲಿಲ್ಲ.

ಚೀಲದಿಂದ ಅಂಬಣ್ಣನ ಪರೀಕ್ಷೆಯ ಹಾಳೆ ತೆಗೆದಳು. ಇಪ್ಪತ್ತಮೂರು ಸಾಲು, ಇಪ್ಪತ್ತೆರಡರ ಮುಂದೆ ಗೆರೆ ಇತ್ತು. ಇಪ್ಪತ್ತಮೂರನೆಯದರ ಮುಂದೆಯೂ ಹಾಕಿದಳು. ತಾರೀಖು ಬರೆದಳು, ಸಹಿ ಮಾಡಿದಳು. ಪೆನ್ನು ಸಲೀಸಾಗಿ ಓಡಿತು. ಇಷ್ಟೇನಾ ಎನಿಸಿತು, ಅದೂ ಬೇರೆ ಯಾರಿಗೋ ಅನಿಸಿದ ಹಾಗೆ.

“ಶಾಭಾಸ್!” ಎಂದ ನಸೀರುದ್ದೀನ. “ಅಂಬಣ್ಣ, ಬಾ, ಪಾಸಾದಿ. ಮನಿಗೆ ಮಿಠಾಯಿ ಒಯ್ಯಿ.”

ಅವಳು ಹಾಳೆಯನ್ನು ಸಿಲಿಂಡರಿನ ಮೇಲೆ ಇಟ್ಟು ಅಂಬಣ್ಣನ ಕಡೆ ತಿರುಗಿಸಿ, ಪೆನ್ನು ಕೊಟ್ಟಳು. “ಇಲ್ಲಿ ನಿಮ್ಮ ಸಹಿ ಬೇಕು ಕಾಕಾ.”

ಅವನು ಒದ್ದೆ ಕೈಯನ್ನು ಬಂಡೆಯ ಮೇಲೆ ಬಿಚ್ಚಿಟ್ಟಿದ್ದ ಲುಂಗಿಗೆ ಒರೆಸಿಕೊಂಡು ಪೆನ್ನು ಹಿಡಿದ. ಹಾಳೆಯನ್ನು ಮೇಲಿನಿಂದ ಕೆಳಗೆ ನೋಡಿದ. ಇಂಗ್ಲಿಷು.

“ಏನಂತ ಬರದಾರವ್ವ?”

“ಮ್ಯಾಲಿನ ಎಲ್ಲಾ ನಾನೇ ನೀರಾಗ ಮಾಡಿ ತೋರಿಸೀನಿ ಅಂತ.”

“ಎಲ್ಲಾ?”

“ಎಲ್ಲಾ.”

“ಕಡೀದೂ?”

“ಕಡೀದೂ.”

ಅಂಬಣ್ಣ ಅವಳ ಮುಖ ನೋಡಿದ. ಅವಳು ನೋಟ ತಪ್ಪಿಸಲಿಲ್ಲ; ತಪ್ಪಿಸಬೇಕು ಎಂದೂ ಅನಿಸಲಿಲ್ಲ. ಅವನು ಪೆನ್ನಿನ ಟೋಪಿ ಹುಡುಕಿ, ಹಾಕಿ, ಹಾಳೆಯ ಮೇಲೆ ಇಟ್ಟ.

“ಅರೇ, ಸಹಿ ಬರಂಗಿಲ್ಲಂದ್ರ ಹೆಬ್ಬಟ್ಟು ಒತ್ತೋ,” ಎಂದ ನಸೀರುದ್ದೀನ, ಜೇಬಿನಲ್ಲಿ ಶಾಯಿ ಡಬ್ಬಿ ತಡಕುತ್ತ.

“ಸಹಿ ಬರ್ತದ್ರಿ,” ಎಂದ ಅಂಬಣ್ಣ. “ಹಾಕಂಗಿಲ್ಲ.”