ಬಟ್ಟಿಕ್ಯಾಂಪಿನ ಮುಖಗವಸು

ನಾನು ಬೂದುಬಣ್ಣದ ಒಂದು ಮುಖಗವಸು. ಬಿಸಿ ರಬ್ಬರು ಅಚ್ಚಿಗೆ ಇಳಿದು ತಣ್ಣಗಾದಾಗ ನನಗೊಂದು ಆಕಾರ ಬಂತು. ಎರಡು ಪಕ್ಕಕ್ಕೂ ಗಾಳಿ ಸೋಸುವ ಗುಂಡು ಡಬ್ಬಿ ಸಿಕ್ಕಿಸಿದರು, ತಲೆಯ ಹಿಂದೆ ಬಿಗಿಯಲು ಪಟ್ಟಿ ಕೊಟ್ಟರು. ವಿಷದ ಧೂಳನ್ನು ಹೊರಗೇ ತಡೆಯುವುದು ನನ್ನ ಕೆಲಸ. ಅದಕ್ಕಾಗಿ ನಾನು ಚರ್ಮಕ್ಕೆ ಎಲ್ಲೂ ಸಂದಿಲ್ಲದಂತೆ ಅಂಟಬೇಕು. ಹುಟ್ಟಿದಾಗಿನಿಂದ ನಾನು ಬಯಸಿದ್ದು ಒಂದೇ, ಬರಿ ಮುಖ.

ಒಡಹುಟ್ಟಿದವರೊಂದಿಗೆ ಪೆಟ್ಟಿಗೆಯಲ್ಲಿ ಕೂತು ಬಳ್ಳಾರಿ ಸೀಮೆಯ ಒಂದು ಊರಂಚಿಗೆ ಬಂದೆ. ಆ ಕೇರಿಯನ್ನು ಬಟ್ಟಿಕ್ಯಾಂಪು ಎನ್ನುತ್ತಿದ್ದರು. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಬಟ್ಟಿ ಅಲ್ಲಿ ಬಹಳ ಕಾಲ ಉರಿದಿತ್ತು. ಬಟ್ಟಿ ಆರಿತು, ಮಾಲೀಕ ಹೋದ, ಸೀಸ ಮಾತ್ರ ಮಣ್ಣಿನಲ್ಲಿ ಉಳಿಯಿತು. ಆ ಮಣ್ಣನ್ನು ತೆಗೆಯುವ ಕೆಲಸವನ್ನು ಕೇರಿಯವರಿಗೇ ಕಲಿಸಿ ಅವರಿಗೇ ಕೊಡಬೇಕೆಂದು ಒಂದು ಸಂಸ್ಥೆ ತರಬೇತಿ ಶುರುಮಾಡಿತ್ತು. ಸಮುದಾಯ ಭವನದಲ್ಲಿ ಖಾಜಾ ಸರ್ ಪಾಠ ಹೇಳುತ್ತಿದ್ದರು.

ನನ್ನನ್ನು ಎತ್ತಿಕೊಂಡವನು ಪಂಪಾಪತಿ. ಅದೇ ಬಟ್ಟಿಯಲ್ಲಿ ದುಡಿದವನು. ಅವನ ಮುಖಕ್ಕೆ ಒರಗಿದಾಗ ನನಗೆ ಸಿಕ್ಕಿದ್ದು ಚರ್ಮವಲ್ಲ, ಎದೆಗಿಳಿದ ಗಡ್ಡ.

ಗವಸು ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಒಂದು ಪರೀಕ್ಷೆಯಿದೆ. ತಲೆಗೆ ಮುಸುಕು ಹಾಕಿ ಒಳಗೆ ಸಿಹಿನೀರಿನ ಮಂಜು ಬಿಡುತ್ತಾರೆ. ನಾಲಿಗೆಗೆ ಸಿಹಿ ಹತ್ತಿದರೆ ಎಲ್ಲೋ ಸಂದಿದೆ ಎಂದರ್ಥ.

"ಸಿಹಿ ಬಂತೇನಪಾ?" ಎಂದರು ಖಾಜಾ ಸರ್.

"ಬಂತ್ರೀ ಸರ್."

"ನಮಗ್ಯಾರಿಗೂ ಹತ್ತಲಿಲ್ಲ, ನಿನಗೊಬ್ಬನಿಗೇ ಪ್ರಸಾದ ನೋಡು!" ಎಂದ ಪಕ್ಕದಲ್ಲಿದ್ದ ದುರುಗೇಶ. "ಏ ಪಂಪಣ್ಣ, ಕೆಲಸಕ್ಕ ಬಂದೀಯೋ, ಮಠ ಕಟ್ಟಾಕ ಬಂದೀಯೋ?"

ಎಲ್ಲರೂ ನಕ್ಕರು. ಸರ್ ನಗಲಿಲ್ಲ. "ಗಡ್ಡ ಇದ್ರ ಸೀಸ ನೆಟ್ಟಗ ಒಳಗ ಹೋಗ್ತೈತಿ. ಗಡ್ಡ ತೆಗಿ, ಇಲ್ಲಾಂದ್ರ ಕೆಲಸ ಕೊಡಾಕ ಆಗಂಗಿಲ್ಲ."

ಅದು ಹರಕೆಯ ಗಡ್ಡ. ಅವನ ಮಗಳು ರೇಣವ್ವ ಬಟ್ಟಿಯ ಧೂಳಿನಲ್ಲೇ ಅಂಬೆಗಾಲಿಟ್ಟವಳು. ಶಾಲೆಗೆ ಹೋಗುವ ವಯಸ್ಸಾದರೂ ಮಾತು ಕೂಡಿಬಂದಿರಲಿಲ್ಲ. ಅಪ್ಪನನ್ನು "ಪಾ" ಎಂದಷ್ಟೇ ಕರೆದು ಅಲ್ಲಿಗೆ ನಿಲ್ಲುತ್ತಿದ್ದಳು. ರಕ್ತದಲ್ಲಿ ಸೀಸವಿದೆ ಎಂದಿದ್ದರು ಡಾಕ್ಟರು. ಮಗಳು ಬಾಯಿ ತುಂಬ ಅಪ್ಪಾ ಎನ್ನುವವರೆಗೆ ಗಡ್ಡಕ್ಕೆ ಕತ್ತಿ ತಾಗಿಸುವುದಿಲ್ಲ ಎಂದು ಅವನು ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದ.

ಆ ದಿನ ಪಾಠ ಮುಗಿದ ಮೇಲೆ ಅವನೊಬ್ಬನೇ ಉಳಿದು ಕೇಳಿದ. "ಸರ್, ಮಣ್ಣು ತೆಗದ್ರ, ಮಕ್ಕಳ ಮೈಯಾಗ ಹೊಕ್ಕಿದ್ದು ಹೊರಗ ಬರ್ತೈತೇನ್ರಿ?"

ಖಾಜಾ ಸರ್ ನೆಲ ನೋಡಿದರು. "ಸೀಸ ಅಷ್ಟಿಷ್ಟು ಇಳಿದೀತಪಾ. ಆದ್ರ ಅದು ಕೆಡಿಸಿದ್ದು ಸರಿ ಹೋಗ್ತೈತಿ ಅಂತ ನಾ ಹೆಂಗ ಹೇಳ್ಲಿ? ಇನ್ನಷ್ಟು ಒಳಗ ಹೋಗದಂಗ ಕಾಯಬಹುದು."

ಗವಸು ಅವರವರದೇ ಆದ್ದರಿಂದ ನಾನು ಚೀಲದಲ್ಲಿ ಅವನ ಮನೆಗೆ ಹೋಗುತ್ತಿದ್ದೆ. ಸಂಜೆ ಹೆಂಡತಿ ಹೊನ್ನೂರಮ್ಮ ರೊಟ್ಟಿ ತಟ್ಟುತ್ತ ಕೂತಿದ್ದಳು.

"ಗಡ್ಡ ತೆಗಿಬೇಕಂತ," ಎಂದ.

ತಟ್ಟುವ ಸದ್ದು ನಿಂತಿತು. "ಹುಲಿಗೆಮ್ಮಗ ಏನಂತ ಹೇಳ್ತಿ?"

"ಮಣ್ಣು ಹೋದ್ರ ಕೂಸು ಆರಾಮ ಆಗ್ತಾಳ."

"ಯಾರಂದ್ರು?"

"ಸರ್ ಅಂದ್ರು."

ಸರ್ ಹಾಗೆ ಅಂದಿರಲಿಲ್ಲ. ಅದು ಗೊತ್ತಿದ್ದವರು ಆ ಮನೆಯಲ್ಲಿ ಇಬ್ಬರೇ, ಅವನು ಮತ್ತು ಚೀಲದೊಳಗಿನ ನಾನು.

"ಗಡ್ಡ ತೆಗದದ್ದಕ್ಕ ಆಕಿ ಹಿಂಗಾ ಉಳದ್ರ?" ಎಂದಳು ಹೊನ್ನೂರಮ್ಮ. ತಟ್ಟುವ ಸದ್ದು ಮತ್ತೆ ಶುರುವಾಯಿತು.

ಮರುದಿನ ಗಡ್ಡ ತೆಗೆಸಿದ. ಹರಕೆಯ ಕೂದಲನ್ನು ಕಸಕ್ಕೆ ಬಿಡದೆ ವಸ್ತ್ರದಲ್ಲಿ ಗಂಟು ಕಟ್ಟಿ ಹುಲಿಗೆಮ್ಮನ ಪಟದ ಮುಂದಿಟ್ಟ. ರೇಣವ್ವ ಆ ಹೊಸ ಮುಖ ಕಂಡು ಅಳುತ್ತ ತಾಯಿಯ ಸೀರೆಯೊಳಗೆ ಸೇರಿಕೊಂಡಳು.

ಭವನದಲ್ಲಿ ಮತ್ತೆ ಪರೀಕ್ಷೆಯಾದಾಗ ನಾನು ಅವನ ಕೆನ್ನೆಯನ್ನು ಹಿಡಿದೆ. ಸಿಹಿ ಹತ್ತಲಿಲ್ಲ. ನಾನು ಹುಟ್ಟಿದ್ದೇ ಅದಕ್ಕೆ. ಆದರೂ ಅವನ ಕೈ ಇಲ್ಲದ ಗಡ್ಡವನ್ನು ನೀವಲು ಬಂದು ನನ್ನ ರಬ್ಬರಿಗೆ ತಗುಲಿತು.

ಕೆಲಸ ಚೆನ್ನಾಗಿ ನಡೆಯಿತು. ಧೂಳೇಳದಂತೆ ನೀರು ಚಿಮುಕಿಸುವುದು, ಮೇಲಿನ ಗೇಣಾಳದ ಮಣ್ಣು ಕೆತ್ತುವುದು, ದಪ್ಪ ಚೀಲಕ್ಕೆ ತುಂಬಿ ಬಾಯಿ ಬಿಗಿಯುವುದು. ಸಲಿಕೆ ಹಾಕಿದಾಗಲೆಲ್ಲ ಪಂಪಾಪತಿ ನನ್ನೊಳಗೆ "ರೇಣಿ, ರೇಣಿ" ಎನ್ನುತ್ತಿದ್ದ. ನನ್ನೊಳಗೆ ಆಡಿದ ಮಾತು ಹೊರಗೆ ಬರೀ ಗೊಣಗಾಟ. ಹಾಗಾಗಿ ಅದು ಯಾರಿಗೂ ತಿಳಿಯಲಿಲ್ಲ.

ಬಟ್ಟಿಯ ಕಾಂಪೌಂಡು ಹಸನಾದ ದಿನ ಕೆಲಸ ನಿಂತಿತು. ಒಪ್ಪಂದ ಇದ್ದದ್ದು ಆ ಗೋಡೆಯವರೆಗೆ ಮಾತ್ರ. ಗೋಡೆಯಾಚೆಯ ಓಣಿಗಳು, ಮನೆ ಮುಂದಿನ ಅಂಗಳಗಳು ಅದರಲ್ಲಿರಲಿಲ್ಲ.

"ಸರ್, ಮಕ್ಕಳು ಆಡೋದು ಗ್ವಾಡಿ ಈ ಕಡಿಗ್ರಿ," ಎಂದ ಪಂಪಾಪತಿ.

"ಗೊತ್ತೈತಪಾ. ನನ್ನ ಕೈಯಾಗಿಲ್ಲ," ಎಂದರು ಖಾಜಾ ಸರ್. ಅವರ ದನಿ ಸೋತಿತ್ತು.

ದುರುಗೇಶ ಬೇರೆ ಊರಿನ ಇಂಥದೇ ಕೆಲಸಕ್ಕೆ ಹೊರಟ. "ಬಾರೋ ಪಂಪಣ್ಣ, ಕಲತದ್ದು ಸುಮ್ಮನ ಹೋಗ್ತೈತಿ," ಎಂದು ಕರೆದ. ಪಂಪಾಪತಿ ಹೋಗಲಿಲ್ಲ. ನನ್ನನ್ನು ಕಟ್ಟಿಕೊಂಡು ತನ್ನ ಅಂಗಳವನ್ನು ತಾನೇ ಕೆತ್ತಿದ, ಕಲಿತಂತೆಯೇ, ನೀರು ಚಿಮುಕಿಸಿ, ಗೇಣಾಳ. ಹೊಲದ ಕೆಂಪು ಮಣ್ಣು ತಂದು ಹಾಸಿದ. ಬೇಸಿಗೆಯ ಗಾಳಿ ಎದ್ದಾಗ ಪಕ್ಕದ ಓಣಿಗಳ ಬೂದು ಧೂಳು ಹಾರಿ ಬಂದು ಆ ಕೆಂಪಿನ ಮೇಲೆ ಕೂತಿತು. ಅವನು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ. ಹೊನ್ನೂರಮ್ಮ ಒಳಗಿನಿಂದ ನೋಡುತ್ತಿದ್ದಳು.

ಆಮೇಲೆ ಅವನು ಗಡ್ಡ ತೆಗೆಯುವುದನ್ನು ಬಿಟ್ಟ. ಮತ್ತೆ ಹರಕೆ ಹೊತ್ತೆನೆಂದು ಯಾರಿಗೂ ಹೇಳಲಿಲ್ಲ. ಗಡ್ಡ ಕೆನ್ನೆ ತುಂಬಿದ ದಿನ ಹೊನ್ನೂರಮ್ಮ ನನ್ನನ್ನು ತೊಳೆದು, ಹುಲಿಗೆಮ್ಮನ ಪಟದ ಕೆಳಗಿನ ಮೊಳೆಗೆ ತೂಗುಹಾಕಿದಳು.

ಅಲ್ಲೇ ನನಗೆ ಮುಪ್ಪು ಬಂತು. ಪಟ್ಟಿ ಸಡಿಲಾಯಿತು, ರಬ್ಬರು ಬಿರಿಯಿತು, ಸೋಸುಡಬ್ಬಿಗಳು ಸತ್ತವು. ಅವನ ಮುಖದಲ್ಲಿ ನನಗಿನ್ನು ಜಾಗವಿಲ್ಲ. ಅಲ್ಲಿ ಗಡ್ಡ ಇರಬೇಕು, ಇಲ್ಲವೇ ನಾನಿರಬೇಕು.

ಮೊನ್ನೆ ರೇಣವ್ವ ಸ್ಟೂಲು ಹತ್ತಿ ನನ್ನನ್ನು ಇಳಿಸಿಕೊಂಡಳು. ಈಗ ಎತ್ತರವಾಗಿದ್ದಾಳೆ. ಎರಡೂ ಕೈಯಲ್ಲಿ ನನ್ನನ್ನು ಮುಖಕ್ಕೆ ಒತ್ತಿ ಹಿಡಿದಳು. ಹೊಸ್ತಿಲಲ್ಲಿ ಪಂಪಾಪತಿ ಬೆನ್ನು ಹಾಕಿ ಕೂತಿದ್ದ. ಅವಳು ಅವನತ್ತ ತಿರುಗಿ ಉಸಿರೆಳೆದುಕೊಂಡಳು. ಮೆಲ್ಲಗೆ, ಮುರಿಯದೆ, ಪೂರ್ತಿ ಹೇಳಿದಳು.

"ಅಪ್ಪಾ."

ಹೊರಗೆ ಗೊಣಗಿದಂತೆ ಕೇಳಿರಬೇಕು. ಅವನು ತಿರುಗಿ, "ಏನವ್ವಾ?" ಎಂದ. ಅವಳು ನಾಚಿ ನನ್ನನ್ನು ಮೊಳೆಗೆ ಸಿಕ್ಕಿಸಿ ಆಟಕ್ಕೆ ಓಡಿದಳು. ಅವನು ಗಡ್ಡ ನೀವಿಕೊಳ್ಳುತ್ತ ಮತ್ತೆ ಓಣಿಯ ಕಡೆ ಮುಖ ಮಾಡಿದ.

ಕೇಳಿಸಿಕೊಂಡದ್ದು ನಾನೊಬ್ಬನೇ. ಎದ್ದು ಹೋಗಿ ಅವನಿಗೆ ಹೇಳಬೇಕೆನಿಸುತ್ತದೆ. ಆದರೆ ನಾನು ಬಾಯಿ ಮುಚ್ಚಲೆಂದು ಹುಟ್ಟಿದವನು, ನನಗೆ ಬಾಯಿಯಿಲ್ಲ.